ಟಾಯರ್ ಮೀಮಾಂಸೆ, ಅರ್ಥಾತ್ ಆರ್ದ್ರಶುಷ್ಕಪಥ ವಿವೇಚನೆ

ಸಕಲ ಶಾಸ್ತ್ರಗಳೂ ಯಾವುದಾದರೊಂದು ಸಂಶಯದಿಂದ ಹುಟ್ಟುವಂತೆ ಪ್ರಸ್ತುತ ಶಾಸ್ತ್ರವೂ, ಪಂದ್ಯದ ಪಥವು ಹಸಿಯಾಗಿದ್ದಾಗ ಯಾವ ಟಾಯರು ಗ್ರಾಹ್ಯ, ಒಣಗಿದ್ದಾಗ ಯಾವುದು ಗ್ರಾಹ್ಯ, ಎರಡಕ್ಕೂ ಒಂದೇ ಸಾಲಬಹುದೆ ಎಂಬ ತ್ರಿವಿಧ ಸಂಶಯದಿಂದ ಹುಟ್ಟಿತು. ಈ ವಿಷಯದಲ್ಲಿ ಪಾಶ್ಚಾತ್ಯರು ಬಹುವಾಗಿ ಶ್ರಮಿಸಿದ್ದಾರಾದರೂ, ಪಡುವಣದಲ್ಲಿ ಮಲೆನಾಡಿನ ಸೆರಗಿಗೆ ತಾಗಿ ನೆನೆಯುವ ಕಿತ್ತೂರಿನಿಂದ ಹೊರಟು, ಬೈಲಹೊಂಗಲ ಸವದತ್ತಿಗಳನ್ನು ಹಾಯ್ದು, ಮೂಡಣದಲ್ಲಿ ಮುಗಿಲು ನೋಡುತ್ತ ಕುಳಿತಿರುವ ರಾಮದುರ್ಗದವರೆಗೆ ಅವರಾರೂ ಬಂದವರಲ್ಲವಾದ ಕಾರಣ, ಆರ್ದ್ರದಿಂದ ಶುಷ್ಕದವರೆಗಿನ ಸಮಸ್ತ ಅವಸ್ಥೆಗಳೂ ಒಂದು ಹಗಲಿನ ಬಸ್ ಪ್ರಯಾಣದಲ್ಲಿ ಕ್ರಮವಾಗಿ ದೊರೆಯುವ ಈ ಪ್ರಯೋಗಶಾಲೆಯ ಲಾಭ ಅವರ ಸಿದ್ಧಾಂತಕ್ಕೆ ಒದಗಲಿಲ್ಲ.

ಪೂರ್ವಪಕ್ಷದಲ್ಲಿ ಎರಡು ಮತಗಳುಂಟು. ಅರೇಖಮತದವರು, ಟಾಯರಿನ ಮೈಮೇಲೆ ಗೆರೆಯೆಂಬುದೇ ಇರಕೂಡದು, ಇದ್ದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಮೆಯಾಗಿ, ಗೆರೆಗಳ ನಡುವಣ ತುಂಡುಗಳು ತಿರುವಿನಲ್ಲಿ ಒಲೆದಾಡಿ ಹಿಡಿತವು ಕೆಡುವುದು ಎನ್ನುವರು. ಇವರ ಮೃದು ರಬ್ಬರು ಬಿಸಿಯೇರಿದ ಹೊರತು ನೆಲವನ್ನು ಹಿಡಿಯದು. ಹಿಡಿದ ಮೇಲೆ ಬೇಗನೆ ಸವೆದು ಮುಕ್ತಿ ಹೊಂದುವುದು. ಸರೇಖಮತದವರಾದರೋ, ನೀರಿಗೆ ಹೊರದಾರಿ ಕೊಡದ ಟಾಯರು ನೀರಿನ ಮೇಲೆಯೇ ತೇಲಿ ಸ್ಟೇರಿಂಗಿನ ಆಜ್ಞೆಯನ್ನೂ ಬ್ರೇಕಿನ ಪ್ರಾರ್ಥನೆಯನ್ನೂ ಕೇಳದಾಗುವುದೆಂದು ವಾದಿಸಿ, ಫಾರ್ಮುಲಾ ಒನ್ ಪಂದ್ಯದ ಮಳೆಟಾಯರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರನ್ನು ಹೊರಕ್ಕೆ ಎಸೆಯುವುದೆಂಬ ಪಿರೆಲ್ಲಿ ಕಂಪನಿಯ ವಚನವನ್ನು ಪ್ರಮಾಣವಾಗಿ ತೋರಿಸುವರು. ಐದಾರು ಕೊಡ ನೀರನ್ನು ಹೀಗೆ ಚೆಲ್ಲುವ ವಸ್ತುವನ್ನು ರಾಮದುರ್ಗದವರು ಬೇಸಿಗೆಯಲ್ಲಿ ಊರೊಳಕ್ಕೆ ಬಿಟ್ಟುಕೊಂಡಾರೆಯೆ ಎಂಬ ಪ್ರಶ್ನೆಯನ್ನು ಅವರು ಎತ್ತಿಲ್ಲ.

ಟಾಯರು ತೇಲತೊಡಗುವ ವೇಗವು ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದೆಂದು ನಾಸಾದ ಸಂಶೋಧಕರು 1960ರ ದಶಕದಲ್ಲಿ ಸಾಧಿಸಿದರು. ಆ ಸೂತ್ರದಂತೆ 33 ಪಿಎಸ್‌ಐ ಗಾಳಿ ತುಂಬಿದ ಕಾರು, ನಿಂತ ನೀರಿನ ಮೇಲೆ ಗಂಟೆಗೆ ಸುಮಾರು 95 ಕಿ.ಮೀ. ವೇಗ ಮುಟ್ಟಿದಾಗ ನೆಲದ ಸಂಬಂಧವನ್ನು ಕಡಿದುಕೊಳ್ಳುವುದು. ಬೈಲಹೊಂಗಲದ ಎರೆಹೊಲಕ್ಕೆ ಇಷ್ಟು ವೇಗದ ಅಗತ್ಯವಿಲ್ಲ. ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಆ ಕರಿಯ ಮಣ್ಣು, ಎರಡು ಹದಮಳೆಯಾದ ಮೇಲೆ, ಸರೇಖಮತದ ಸಮಸ್ತ ಗೆರೆಗಳನ್ನೂ ಹತ್ತು ಮಾರಿನೊಳಗೆ ಮೆತ್ತಿ ಮುಚ್ಚಿ ಅದನ್ನು ಅರೇಖಮತಕ್ಕೆ ಸೇರಿಸಿಬಿಡುವುದು. ಅರೇಖಮತದ್ದನ್ನೋ ಮೆತ್ತುತ್ತ ಮೆತ್ತುತ್ತ ಮಡ್‌ಗಾರ್ಡಿಗೆ ತಾಗುವವರೆಗೆ ಬೆಳೆಸಿ, ತಿರುಗುವ ಕರ್ಮದಿಂದಲೇ ಬಿಡುಗಡೆ ಮಾಡುವುದು. ಟ್ರ್ಯಾಕ್ಟರಿನ ದೊಡ್ಡ ಗಾಲಿಯೊಂದೇ, ತನ್ನ ಓರೆಯಾದ ದಪ್ಪ ಹಲ್ಲುಗಳ ನಡುವಿನಿಂದ ಕೆಸರನ್ನು ಪಕ್ಕಕ್ಕೆ ನೂಕಿ, ಸ್ವಲ್ಪಮಟ್ಟಿಗೆ ಮತಭ್ರಷ್ಟವಾಗದೆ ಉಳಿಯುವುದು. ಅದನ್ನೂ ಹಿಂದುಮುಂದಾಗಿ ಕೂಡಿಸಿದರೆ ದೇವರೇ ಗತಿ.

ಇನ್ನು ಉತ್ತರಪಕ್ಷ. ಗಾಳಿ ತುಂಬಿದ ಟಾಯರಿಗೆ ಥಾಮ್ಸನ್ ಎಂಬಾತ 1845ರಲ್ಲಿಯೇ ಪೇಟೆಂಟು ಪಡೆದನಾದರೂ ಲೋಕ ಅದನ್ನು ಮರೆಯಿತು. 1887-88ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೊಮ್ಮೆ ಕಂಡುಹಿಡಿದನು. ಈತನು ವೃತ್ತಿಯಿಂದ ದನದ ಡಾಕ್ಟರು ಎಂಬ ಸಂಗತಿಯನ್ನು ಮೋಟಾರು ಪಂಡಿತರು ಸಾಮಾನ್ಯವಾಗಿ ನುಂಗಿಕೊಳ್ಳುವರು. ಚಕ್ರದ ಹಿತವನ್ನು ಬಲ್ಲವರು ದನದ ಹಿತವನ್ನು ಬಲ್ಲವರೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡವಾದ್ದರಿಂದ, ನಾವು ನಿಸ್ಸಂಕೋಚವಾಗಿ ಚಕ್ಕಡಿಯ ಕಡೆಗೆ ತಿರುಗೋಣ.

ಚಕ್ಕಡಿಯ ಗಾಲಿಗೆ ಟಾಯರಾಗಿರುವುದು ಕಬ್ಬಿಣದ ಹಳಿ. ಬಡಿಗ ಕೂಡಿಸಿಟ್ಟ ಕಟ್ಟಿಗೆಯ ಗಾಲಿಗಿಂತ ಒಂದು ನೂಲು ಕಿರಿದಾಗಿಯೇ ಅದನ್ನು ಬಾಗಿಸಿಕೊಂಡು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದೊಡನೆ ಇಬ್ಬರು ಮೂವರು ಇಕ್ಕಳ ಹಿಡಿದು ಎತ್ತಿ ತಂದು ಗಾಲಿಯ ಮೇಲೆ ಕೆಡವಿ, ಕಟ್ಟಿಗೆ ಹೊತ್ತಿ ಹೊಗೆಯೇಳುತ್ತಿರುವಾಗಲೇ ಸುತ್ತಿಗೆಯಿಂದ ಬಡಿದು ಕೂಡಿಸಿ, ಕೊಡಗಟ್ಟಲೆ ನೀರು ಸುರಿಯುವರು. ಹಳಿಯು ಚುಂಯ್ಯೆಂದು ಕುಗ್ಗಿ ಕೀಲುಕೀಲುಗಳನ್ನೂ ಕಿರುಗುಟ್ಟಿಸಿ ಬಿಗಿಯುವುದು. ಬೇಸಿಗೆ ಬಂದು ಕಟ್ಟಿಗೆ ಒಣಗಿತೆಂದರೆ ಇದೇ ಹಳಿ ಸಡಿಲಾಗಿ ಗಲಗಲ ಎನ್ನತೊಡಗುವುದು. ಆಗ ಒಕ್ಕಲಿಗನು ಗಾಲಿಗಳನ್ನು ಕಳಚಿ ಹಳ್ಳದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕುವನು. ಕಟ್ಟಿಗೆ ಉಬ್ಬಿ ಹಳಿ ಮತ್ತೆ ಬಿಗಿಯುವುದು. ಪಾಶ್ಚಾತ್ಯ ಶಾಸ್ತ್ರವು ಪಥವು ಆರ್ದ್ರವೋ ಶುಷ್ಕವೋ ಎಂದು ವಿಚಾರಿಸುತ್ತ ನಿಂತಲ್ಲಿ, ನಮ್ಮ ಶಾಸ್ತ್ರವು ಗಾಲಿಯೇ ಆರ್ದ್ರವೋ ಶುಷ್ಕವೋ ಎಂಬ ಮೂಲಕ್ಕೆ ಕೈಹಾಕಿತು. ಸಾಲದುದಕ್ಕೆ ಮೂರು ಬೆರಳಗಲದ ಆ ಹಳಿಯು ಕೆಸರಿನ ಮೇಲೆ ತೇಲಲೊಲ್ಲದೆ ಅದನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹುಡುಕುವುದು. ಹುಡುಕುತ್ತ ಕೆಲವೊಮ್ಮೆ ಗುಂಬದವರೆಗೆ ಇಳಿಯುವುದೆಂಬುದು ಸಿದ್ಧಾಂತದ ದೋಷವಲ್ಲ, ನೆಲದ ದೋಷ.

ಕಾಲವಿಚಾರವೂ ಇದಕ್ಕೆ ಅನುಕೂಲವಾಗಿಯೇ ಇದೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಧೂಳೆಬ್ಬಿಸಿಕೊಂಡು ಸಾಗುವಾಗ ಪಥವು ಶುದ್ಧ ಶುಷ್ಕ. ಕಾರಹುಣ್ಣಿಮೆಗೆ ಕರಿ ಹರಿಯುವಾಗ ಒಮ್ಮೊಮ್ಮೆ ಆರ್ದ್ರ, ಆದರೆ ಅಂದು ಎತ್ತುಗಳಷ್ಟೇ ಓಡುವುದರಿಂದ ಟಾಯರಿನ ಪ್ರಸಂಗವೇ ಇಲ್ಲ. ಗಾಡಿಯ ಶರ್ಯತ್ತುಗಳಿಗೆ 2014ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿದ್ದೂ, ರಾಜ್ಯದ ತಿದ್ದುಪಡಿಯ ತರುವಾಯ 2023ರಲ್ಲಿ ಅದೇ ಕೋರ್ಟು ಒಪ್ಪಿದ್ದೂ ಲೋಕವಿದಿತ. ಎರಡು ತೀರ್ಪುಗಳಲ್ಲಿಯೂ ಹಳಿಯ ಪ್ರಶ್ನೆ ಇತ್ಯರ್ಥವಾಗಲಿಲ್ಲ.

ಹಾಗಾದರೆ ಹಸಿ ನೆಲದ ಶರ್ಯತ್ತಿಗೆ ಹಳಿಯೇ ಶ್ರೇಷ್ಠವೋ ರಬ್ಬರೋ ಎಂಬ ಅಂತಿಮ ನಿರ್ಣಯಕ್ಕಾಗಿ ಬೈಲಹೊಂಗಲದ ಸಂತೆಯಲ್ಲಿ, ಎತ್ತಿನ ಹಲ್ಲು ನೋಡುವುದರಲ್ಲಿ ಮಗ್ನನಾಗಿದ್ದ ಒಬ್ಬ ವೃದ್ಧನನ್ನು ಸಮೀಪಿಸಿ, ಪೂರ್ವೋತ್ತರಪಕ್ಷಗಳನ್ನು ಯಥಾಶಕ್ತಿ ನಿವೇದಿಸಿದ್ದಾಯಿತು. ಆತನು ಎತ್ತಿನ ಬಾಯಿಂದ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡು, "ಅಲ್ರೀ ಮಾಸ್ತರ, ಹಸಿ ಆದ ಮ್ಯಾಲ ಶರ್ಯತ್ತಿಗೆ ಯಾರ್ ಬರ್ತಾರ್ರೀ? ಬಿತ್ತಾಕ ಹೊಕ್ಕಾರ," ಎಂದು ಮುಂದಿನ ಎತ್ತಿನ ಕಡೆಗೆ ನಡೆದನು.