ಕಲ್ಲುಗಿಡಕ್ಕೆ ನೀರು ಹಾಕದಿರುವ ಕ್ರಿಯೆ: ಒಂದು ಬಹುಆಯಾಮಿ, ಅಂತರ್‌ಶಿಸ್ತೀಯ ಅಧ್ಯಯನ

1. ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಕಲ್ಲುಗಿಡ, ಅಂದರೆ ಲಿಥಾಪ್ಸ್, ಎರಡೇ ಎಲೆಯ ಗಿಡ. ಅದಕ್ಕೆ ನೀರು ಕಡಿಮೆ ಹಾಕಬೇಕು. ವಿಷಯ ಇಷ್ಟೇ. ಆದರೆ ಇಷ್ಟೇ ಹೇಳಿದವರಿಗೆ ಯಾರೂ ಶಾಲು ಹೊದಿಸುವುದಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧಕಾರನು ಅದನ್ನೇ ಹೀಗೆ ಮರುನಿರೂಪಿಸಲು ಬಯಸುತ್ತಾನೆ: ದ್ವಿಪರ್ಣಾತ್ಮಕ ಅಸ್ತಿತ್ವದ ಶಿಲಾಸದೃಶ ನೆಲೆಯಲ್ಲಿ ನಿಂತು, ಮರುಭೂಮೀಯ ಜಲಾಭಾವದೊಂದಿಗೆ ನಿರಂತರ ಅನುಸಂಧಾನ ನಡೆಸುತ್ತಿರುವ ಸದರಿ ಸಸ್ಯವು ಪೋಷಕ–ಪೋಷಿತ ಸಂಬಂಧದ ಸಾಂಪ್ರದಾಯಿಕ ಗ್ರಹಿಕೆಗಳನ್ನು ಮುರಿದು ಕಟ್ಟುವ ಬಗೆಯನ್ನು ತಾತ್ವಿಕ ಚೌಕಟ್ಟಿನೊಳಗೆ ಶೋಧಿಸುವುದು ಈ ಅಧ್ಯಯನದ ಉದ್ದೇಶವಾಗಿರುತ್ತದೆ.

ವ್ಯಾಪ್ತಿ: ಒಂದು ಕುಂಡ. ಮಿತಿ: ಅದೇ ಕುಂಡ.

ಇಂಥದೊಂದು ಅಧ್ಯಯನದ ಅಗತ್ಯ ಮನದಟ್ಟಾದದ್ದು ಬೆಂಗಳೂರಿನ ಒಂದು ತಾರಸಿ ತೋಟದ ಕಾರ್ಯಾಗಾರದಲ್ಲಿ. ಸಂಪನ್ಮೂಲ ವ್ಯಕ್ತಿಗಳು ಬೆಳಗಿನ ಉಪ್ಪಿಟ್ಟಿನಿಂದ ಮಧ್ಯಾಹ್ನದ ಊಟದವರೆಗೆ ‘ಆರ್ದ್ರತಾ ನಿರ್ವಹಣೆಯ ಸಮಗ್ರ ದೃಷ್ಟಿಕೋನ’ ಕುರಿತು ಮಾತಾಡಿದರು. ಹಿಂದಿನ ಸಾಲಿನಿಂದ ಹಿರಿಯ ಹೆಂಗಸೊಬ್ಬರು ಎದ್ದು, “ಅದೆಲ್ಲ ಸರಿ ಸಾರ್, ನೀರು ಯಾವಾಗ ಹಾಕೋದು?” ಎಂದರು. “ಒಳ್ಳೇ ಪ್ರಶ್ನೆ ಅಮ್ಮಾ. ಮೊದಲು ನೀರು ಅಂದ್ರೆ ಏನು ಅಂತ ನಾವು ಅರ್ಥ ಮಾಡ್ಕೋಬೇಕು” ಎಂಬ ಉತ್ತರ ಬಂತು. ಅವರು ಕೂತುಬಿಟ್ಟರು. ಆಮೇಲೆ ಹಂಚಿದ ಕೈಪಿಡಿಯಲ್ಲಿ, ಡಿಸೆಂಬರ್–ಜನವರಿಯಲ್ಲಿ ಗಿಡಕ್ಕೆ ಹಿಮ ಹೊಡೆಯದಂತೆ ಕಾಪಾಡಬೇಕೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಯುರೋಪಿನ ಯಾವುದೋ ಪುಸ್ತಕದಿಂದ ಹೊರಟ ಆ ಹಿಮ ಜಯನಗರದ ತಾರಸಿಗಳ ಮೇಲೆ ಬೀಳಲು ಯಾರ ತಕರಾರೂ ಇರಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ನಿಜವಾಗಿ ಸುರಿಯುವ ಮಳೆಯ ವಿಷಯಕ್ಕೆ ಮಾತ್ರ ಕೈಪಿಡಿ ಕೈಹಾಕಿರಲಿಲ್ಲ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಯಾವ ವಿಷಯವನ್ನೇ ಆಗಲಿ, ಅದು ಶುರುವಾದ ಜಾಗಕ್ಕಿಂತ ಬಹಳ ಹಿಂದಿನಿಂದ ಆರಂಭಿಸುವುದು ವಿದ್ವತ್ ಪರಂಪರೆ. ಅದರಂತೆ, 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಪ್ರವಾಸಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ, ವಿಚಿತ್ರವಾಗಿದೆಯಲ್ಲ ಎಂದು ಒಂದು ಬೆಣಚುಕಲ್ಲನ್ನು ಎತ್ತಿಕೊಳ್ಳಹೋದ. ಅದು ಕಲ್ಲಾಗಿರಲಿಲ್ಲ. ಲಿಥಾಪ್ಸ್ ‘ಪತ್ತೆ’ಯಾದದ್ದು ಹೀಗೆ. ಅಲ್ಲಿ ತಲೆತಲಾಂತರದಿಂದ ಕುರಿ ಮೇಯಿಸಿಕೊಂಡಿದ್ದವರ ಕಣ್ಣಿಗೆ ಅದು ಮೊದಲೇ ಬಿದ್ದಿರಲಾರದೇ ಎಂಬ ಪ್ರಶ್ನೆ ಈ ಸಮೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಅವರು ಲೇಖನ ಪ್ರಕಟಿಸಿರಲಿಲ್ಲ. ಲಿಥಾಪ್ಸ್ ಎಂಬ ಕುಲದ ಹೆಸರನ್ನು ಕ್ಯೂ ಉದ್ಯಾನದ ಎನ್. ಇ. ಬ್ರೌನ್ ಕೊಟ್ಟದ್ದು 1922ರಲ್ಲಿ.

ಪೂರ್ವಸೂರಿಗಳಲ್ಲಿ ನನಗೆ ನಿಜವಾಗಿ ಇಷ್ಟವಾಗುವವರು ಡೆಸ್ಮಂಡ್ ಕೋಲ್. ಅವರು ಸಸ್ಯಶಾಸ್ತ್ರಜ್ಞರಲ್ಲ, ಜೋಹಾನ್ಸ್‌ಬರ್ಗ್‌ನ ವಿಟ್ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದಲ್ಲಿ ಬಂಟು ಭಾಷೆಗಳ ಪ್ರಾಧ್ಯಾಪಕರಾಗಿದ್ದವರು, ತ್ಸ್ವಾನಾ ಭಾಷೆಗೆ ವ್ಯಾಕರಣ ಬರೆದವರು. ಹೆಂಡತಿ ನಾರೀನ್ ಜೊತೆ ದಕ್ಷಿಣ ಆಫ್ರಿಕಾ, ನಮೀಬಿಯಾಗಳ ಕಲ್ಲುಬಯಲುಗಳನ್ನು ವರ್ಷಗಟ್ಟಲೆ ಸುತ್ತಿ, ಸುಮಾರು ನಾನೂರು ತಾಣಗಳ ಗಿಡಗಳಿಗೆ ಒಂದೊಂದು ‘ಸಿ’ ಸಂಖ್ಯೆ ಕೊಟ್ಟರು. 1988ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಲಿಥಾಪ್ಸ್ ಬೆಳೆಯುವವರು ಇವತ್ತಿಗೂ ಗಿಡದ ಹೆಸರಿನ ಪಕ್ಕ ಆ ಸಂಖ್ಯೆ ಬರೆಯುತ್ತಾರೆ. ಭಾಷೆಯ ಮೇಷ್ಟ್ರು ಗಿಡ ಹುಡುಕಿಕೊಂಡು ಹೋಗುವುದನ್ನು ನಮ್ಮ ವಿಭಾಗಗಳಲ್ಲಿ ಅಂತರ್‌ಶಿಸ್ತೀಯ ಎಂದು ಕರೆದು ಅನುದಾನ ಕೇಳುತ್ತಿದ್ದರು. ಅವರಿಗೆ ಅದು ರಜೆ ಅನ್ನಿಸಿರಬೇಕು. ಸಂಖ್ಯೆಯಿಂದ ಉಪಯೋಗವೂ ಇತ್ತು: ಯಾವ ಬೀಜ ಯಾವ ನೆಲದ ಸಂತತಿ ಎಂಬುದು ಗೊಂದಲವಾಗದೆ ಉಳಿಯಿತು. ಈ ಸಂಖ್ಯೆಯ ವಿಚಾರಕ್ಕೆ ಮುಂದೆ ಬರಬೇಕಾಗುತ್ತದೆ.

3. ಅಜಲೀಕರಣದ ವೈಧಾನಿಕತೆ

ನೀರು ಹಾಕದಿರುವ ಕ್ರಿಯೆಯನ್ನು ನಾವು ‘ಅಜಲೀಕರಣ’ವೆಂದು ಕರೆಯೋಣ. ಇದು ನಾಲ್ಕು ಬಗೆ: ಸಂಕಲ್ಪಿತ ಅಜಲೀಕರಣ, ಆಲಸ್ಯಮೂಲ ಅಜಲೀಕರಣ, ಮದುವೆಗೆಂದು ಊರಿಗೆ ಹೋದಾಗ ಸಂಭವಿಸುವ ವಿಸ್ಮೃತಿಜನ್ಯ ಅಜಲೀಕರಣ, ಕಾವೇರಿ ನೀರು ಬಾರದ ದಿನ ಒದಗುವ ಅನೈಚ್ಛಿಕ ಅಜಲೀಕರಣ. ನಾಲ್ಕೂ ಸಂದರ್ಭಗಳಲ್ಲಿ ಗಿಡ ಚೆನ್ನಾಗಿಯೇ ಇರುವುದು ಕಂಡುಬಂದಿರುವುದರಿಂದ ಈ ವರ್ಗೀಕರಣ ಸಂಪೂರ್ಣ ನಿರುಪಯುಕ್ತವೆಂದು ಸಾಬೀತಾಗುತ್ತದೆ. ಆದರೂ ಇದನ್ನು ಕೈಬಿಡಲಾಗದು, ಕೋಷ್ಟಕ ಸಿದ್ಧವಾಗಿದೆ.

ಕಾರ್ಯಾಗಾರದ ಆ ಹಿರಿಯ ಹೆಂಗಸಿಗೆ ಹೇಳಬೇಕಾಗಿದ್ದ ಉತ್ತರ ಇದು. ಲಿಥಾಪ್ಸ್ ತನ್ನ ನಾಡಿನಲ್ಲಿ ಮೈಯ ಬಹುಭಾಗವನ್ನು ನೆಲದೊಳಗೆ ಹುದುಗಿಸಿ ಎಲೆಯ ನೆತ್ತಿಯನ್ನಷ್ಟೇ ಹೊರಗೆ ಇಟ್ಟುಕೊಳ್ಳುತ್ತದೆ. ಆ ನೆತ್ತಿ ಅರೆಪಾರದರ್ಶಕ. ಬೆಳಕು ಅದರ ಮೂಲಕ ಒಳಗಿಳಿದು ಮಣ್ಣಿನಡಿಯ ಹಸಿರಿಗೆ ಮುಟ್ಟುತ್ತದೆ. ಹಗಲು ಉಸಿರಾಡಿದರೆ ನೀರು ಆವಿಯಾಗಿ ಹೋದೀತೆಂದು ರಾತ್ರಿಯೇ ಎಲೆಯ ರಂಧ್ರಗಳನ್ನು ತೆರೆಯುತ್ತದೆ. ವರ್ಷಕ್ಕೊಮ್ಮೆ ಹಳೆಯ ಎರಡು ಎಲೆಗಳ ನಡುವಿನಿಂದ ಹೊಸ ಜೋಡಿ ಬರುತ್ತದೆ, ಹಳೆಯದರಲ್ಲಿ ಕೂಡಿಟ್ಟ ನೀರನ್ನೆಲ್ಲ ಹೊಸದು ಹೀರಿಕೊಳ್ಳುತ್ತದೆ, ಹಳೆಯದು ಒಣಗಿ ಸಿಪ್ಪೆಯಾಗುತ್ತದೆ. ಇದು ನಡೆಯುವಾಗ ನೀರು ಹಾಕಿದರೆ ಹಳೆಯ ಎಲೆ ಒಣಗುವುದೇ ಇಲ್ಲ. ಒಂದರ ಮೇಲೊಂದು ಜೋಡಿ ಕೂತು ಗಿಡ ವಿಕಾರವಾಗುತ್ತದೆ, ಇಲ್ಲವೇ ಕೊಳೆಯುತ್ತದೆ. ಉಳಿದ ಕಾಲದಲ್ಲಿ ಎಲೆ ಸುಕ್ಕುಗಟ್ಟಿ, ಬೆಳಿಗ್ಗೆಯಾದರೂ ಆ ಸುಕ್ಕು ಹಾಗೇ ಇದ್ದರೆ ಮಣ್ಣು ಪೂರ್ತಿ ನೆನೆಯುವಂತೆ ನೀರು ಕೊಟ್ಟು, ಮತ್ತೆ ಪೂರ್ತಿ ಒಣಗಲು ಬಿಡಬೇಕು. ತಾಯಿಬೇರು ಉದ್ದವಾದ್ದರಿಂದ ಕುಂಡ ಆಳವಾಗಿರಲಿ. ಬಿಸಿಲು ಬೇಕು. ಬೆಂಗಳೂರಿನಲ್ಲಾದರೆ ಮಳೆಗೆ ಒಂದು ಸೂರು ಕಡ್ಡಾಯ. ಎಲ್ಲ ಸರಿಹೋದರೆ ಸೀಳಿನಿಂದ ಹಳದಿಯದೋ ಬಿಳಿಯದೋ ಹೂವು ಬರುತ್ತದೆ. ಮಧ್ಯಾಹ್ನ ಅರಳಿ ಸಂಜೆಗೆ ಮುಚ್ಚುತ್ತದೆ. ಎಷ್ಟೋ ಸಲ ಅಡಿಯಲ್ಲಿರುವ ಗಿಡವೇ ಕಾಣದಷ್ಟು ದೊಡ್ಡ ಹೂವು.

ಒಂದೂವರೆ ನಿಮಿಷದ ಮಾತು. ಉಪ್ಪಿಟ್ಟು ಮುಗಿಯುವುದರೊಳಗೆ ಹೇಳಬಹುದಾಗಿತ್ತು.

4. ಪೋಷಕರ ವರ್ಗೀಕರಣ

ಕಲ್ಲುಗಿಡದ ಪೋಷಕರಲ್ಲಿ ಒಂಬತ್ತು ವರ್ಗಗಳನ್ನು ಗುರುತಿಸಲಾಗಿದೆ.

(ಅ) ಜಲವಾತ್ಸಲ್ಯವಾದಿಗಳು. “ಪಾಪ, ಬಾಯಾರಿರುತ್ತೆ, ಒಂದು ಚಮಚ ಹಾಕಿದ್ರೆ ಏನಾಗತ್ತೆ?” ಎಂಬುದು ಇವರ ಘೋಷವಾಕ್ಯ. ಪ್ರತಿಯೊಬ್ಬರಿಗೂ ಒಂದೇ ಚಮಚ. ಆದರೆ ಅಜ್ಜಿ, ಸೊಸೆ, ಮೊಮ್ಮಗ, ಮನೆಗೆಲಸದಾಕೆ ಒಬ್ಬರಿಗೊಬ್ಬರು ಹೇಳಿಕೊಂಡಿರುವುದಿಲ್ಲ. ಇವರ ಕೈಯಲ್ಲಿ ಗಿಡ ಸಾಯುವುದು ಖಚಿತವಾದರೂ ಇವರ ಮೇಲೆ ಸಿಟ್ಟು ಬರುವುದಿಲ್ಲ.

(ಆ) ಮೃತ್ತಿಕಾಮೀಮಾಂಸಕರು. ಜಪಾನಿನ ಅಕಡಮಾ, ಪ್ಯೂಮಿಸ್, ಪರ್ಲೈಟ್, ಜಿಯೋಲೈಟ್ ಇವುಗಳ ಅನುಪಾತದಲ್ಲಿ ಮೋಕ್ಷವನ್ನರಸುವ ಪಂಥ. ಗಿಡಕ್ಕಿಂತ ಮಣ್ಣಿಗೆ ಹೆಚ್ಚು ಖರ್ಚಾಗಿರುವುದು ಇವರ ಲಕ್ಷಣ. ಜರಡಿ ಹಿಡಿದು ತೊಳೆದ ಇಟ್ಟಿಗೆಚೂರು, ದಪ್ಪ ಮರಳು, ಒಂದು ಹಿಡಿ ಎಲೆಗೊಬ್ಬರ ಸಾಕೆಂದರೆ ‘ವೈಜ್ಞಾನಿಕ ಮನೋಭಾವದ ಕೊರತೆ’ ಎನ್ನುತ್ತಾರೆ. ಅಮೆರಿಕದಿಂದ ಬಂದ ಪಾಪಾಸುಕಳ್ಳಿ ಯಾರ ಮಿಶ್ರಣಕ್ಕೂ ಕಾಯದೆ ಚಿತ್ರದುರ್ಗದ ಬೇಲಿಗಳಲ್ಲಿ ಹೂಬಿಟ್ಟು ಹಣ್ಣಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ. ಅದರ ಮೇಲೆ ಯಾರೂ ಉಪನ್ಯಾಸ ಇಟ್ಟುಕೊಳ್ಳುವುದಿಲ್ಲ.

(ಇ) ಮೂಲಸ್ಥಾನನಿಷ್ಠರು. ಗಿಡವು ಯಾವ ಗುಡ್ಡದ ಯಾವ ಇಳಿಜಾರಿನದೆಂಬ ಉಲ್ಲೇಖವಿಲ್ಲದಿದ್ದರೆ ಇವರು ಅದನ್ನು ಗಿಡವೆಂದೇ ಒಪ್ಪುವುದಿಲ್ಲ. ನರ್ಸರಿಯಲ್ಲಿ ಬೀಜದಿಂದ ಎದ್ದ ದುಂಡುದುಂಡಾದ ಗಿಡ ಇವರಿಗೆ ಸಪ್ಪೆ. ಬಿಸಿಲಿಗೆ ಸುಟ್ಟು, ಓರೆಯಾಗಿ, ಕಲ್ಲಿಗೆ ಉಜ್ಜಿ ಗಾಯವಾದ, ‘ಹ್ಯಾಬಿಟಾಟ್ ಪ್ಲಾಂಟ್’ ಎಂದು ಮೆಲ್ಲಗೆ ಹೇಳಿ ಮಾರುವಂಥದು ಬೇಕು. ಇವರ ಪರಿಭಾಷೆಯಲ್ಲಿ ಅದಕ್ಕೆ ‘ಸ್ವಭಾವಸಿದ್ಧ ಸೌಂದರ್ಯ’ ಎಂದು…

ಇಲ್ಲ, ಈ ವರ್ಗವನ್ನು ಈ ಧಾಟಿಯಲ್ಲಿ ಬರೆಯಲಾಗುವುದಿಲ್ಲ.

ಆ ಗಾಯದ ಗಿಡ ಎಲ್ಲಿಂದ ಬರುತ್ತದೆ? ದಕ್ಷಿಣ ಆಫ್ರಿಕಾದ ಪಶ್ಚಿಮದಂಚಿನಿಂದ ನಮೀಬಿಯಾದೊಳಗೆ ಹಬ್ಬಿರುವ ಸಕ್ಯುಲೆಂಟ್ ಕರೂ ಎಂಬ ಒಣನಾಡಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಲಿಥಾಪ್ಸ್‌ನ ದಾಯಾದಿಯಾದ ಕೋನೊಫೈಟಮ್ ಅಲ್ಲಿಯದು. ಉಗುರಿನಷ್ಟಿರುವ ಗಿಡಗಳು, ಕೆಲವು ಜಾತಿಗಳು ಇಡೀ ಭೂಮಿಯಲ್ಲಿ ಒಂದೇ ಒಂದು ಗುಡ್ಡದಲ್ಲೋ, ಒಂದು ತುಂಡು ಬಿಳಿ ಬೆಣಚುಕಲ್ಲಿನ ನೆಲದಲ್ಲೋ ಇರುವಂಥವು. 2019ರಿಂದೀಚೆಗೆ ಅವುಗಳ ಕಳ್ಳತನ ವಿಪರೀತವಾಯಿತು. ಕೊರೊನಾ ಕಾಲದಲ್ಲಿ ಕೂಲಿಯೂ ಇಲ್ಲದೆ ಕೂತಿದ್ದ ಹಳ್ಳಿಯವರಿಗೆ ದೂರದ ದಲ್ಲಾಳಿ ಫೋನಿನಲ್ಲೇ ಚಿತ್ರ ಕಳಿಸಿ ಇಂಥದು ಬೇಕೆಂದ. ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಕೈಗೆ ಬರುವ ಗಿಡ. ಚೀಲಗಳಲ್ಲಿ, ಪಾರ್ಸೆಲ್‌ಗಳಲ್ಲಿ ದಕ್ಷಿಣ ಆಫ್ರಿಕಾದ ಅಧಿಕಾರಿಗಳಿಗೆ ಸಿಕ್ಕಿಬಿದ್ದ ಗಿಡಗಳೇ ಹತ್ತು ಲಕ್ಷ ದಾಟಿವೆ. ಸಿಗದೆ ಹೋದವನ್ನು ಎಣಿಸುವವರು ಯಾರು? ಹಿಡಿದವನ್ನು ಮರಳಿ ನೆಡೋಣವೆಂದರೆ ಯಾವುದು ಯಾವ ಗುಡ್ಡದ್ದೆಂದು ಗೊತ್ತಿಲ್ಲ, ರೋಗ ಹೊತ್ತೊಯ್ಯುವ ಭಯ ಬೇರೆ. ಟ್ರೇಗಳಲ್ಲಿ ಜೋಡಿಸಿಟ್ಟುಕೊಂಡು ಕೂರಬೇಕು. ಜೈಲಿಗೆ ಹೋಗುವವನು ಅಗೆದ ಕೂಲಿಯವನು. ಮೇಜಿನ ಮೇಲೆ ಕುಂಡವಿಟ್ಟುಕೊಂಡು ‘ಪ್ರಕೃತಿಯ ಮೌನದೊಂದಿಗೆ ಸಂವಾದ’ ಎಂದು ಭಾಷಣ ಮಾಡುವವನಿಗೆ ಏನೂ ಆಗುವುದಿಲ್ಲ.

ಕಳ್ಳರಿಗೆ ದಾರಿ ತೋರಿಸಿದ್ದರಲ್ಲಿ ನಾವು ಇಷ್ಟು ಹೊತ್ತು ಅಣಕಿಸುತ್ತಿದ್ದ ಪಾಂಡಿತ್ಯದ ಪಾಲೂ ಇದೆ. ಪ್ರಾಮಾಣಿಕರು ಪ್ರಾಮಾಣಿಕವಾಗಿಯೇ ಬರೆದಿಟ್ಟ ತಾಣದ ವಿವರ, ಇಂಥ ಊರಿನಿಂದ ಇಷ್ಟು ಕಿಲೋಮೀಟರ್, ಇಂಥ ದಿಕ್ಕು ಎಂಬುದು ಕೆಟ್ಟವರ ಕೈಗೆ ನಕ್ಷೆಯಾಯಿತು. 2017ರಲ್ಲಿ ಆಸ್ಟ್ರೇಲಿಯಾದ ಲಿಂಡನ್‌ಮೇಯರ್ ಮತ್ತು ಶೀಲೆ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ, ಅಪರೂಪದ ಜೀವಿಗಳ ತಾಣವನ್ನು ಪ್ರಕಟಿಸಬೇಡಿ ಎಂದೇ ಕೇಳಿಕೊಳ್ಳಬೇಕಾಯಿತು. ತಿಳಿದದ್ದನ್ನು ಹೇಳಿಕೊಳ್ಳುವುದೇ ಕಸುಬಾಗಿರುವವರು ಬಾಯಿ ಮುಚ್ಚಿಕೊಂಡಿರಿ ಎಂದು ತಮ್ಮವರಿಗೇ ಹೇಳಬೇಕಾಗಿ ಬಂತು. ಕೋಲ್ ದಂಪತಿಗಳು ಬಿಸಿಲಿನಲ್ಲಿ ಮಂಡಿಯೂರಿ ಬರೆದುಕೊಂಡಂಥ ಟಿಪ್ಪಣಿಗೆ ಈ ಗತಿ ಬರಬಾರದಿತ್ತು.

ನಾಲ್ಕರಿಂದ ಒಂಬತ್ತರವರೆಗಿನ ವರ್ಗಗಳು ಹಾಗೇ ಇರಲಿ.

5. ಅನುಬಂಧ

ಕದ್ದ ಗಿಡದ ಅಗತ್ಯವೇ ಇಲ್ಲ, ಲಿಥಾಪ್ಸ್ ಬೀಜದಿಂದ ಸಲೀಸಾಗಿ ಬರುತ್ತದೆ. ತನ್ನ ಪರಾಗಕ್ಕೆ ತಾನೇ ಕಾಯಿಕಟ್ಟದಾದ್ದರಿಂದ ಒಂದೇ ಜಾತಿಯ ಎರಡು ಬೇರೆಬೇರೆ ಗಿಡಗಳು ಒಟ್ಟಿಗೆ ಹೂಬಿಟ್ಟಿರಬೇಕು. ಮಕ್ಕಳ ಬಣ್ಣದ ಕುಂಚದಿಂದ ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಸವರಿದರಾಯಿತು. ಒಣಗಿದ ಕಾಯಿಯ ಮೇಲೆ ನೀರಿನ ಹನಿ ಬಿಟ್ಟರೆ ನೋಡುತ್ತಿದ್ದಂತೆಯೇ ಬಾಯಿ ತೆರೆಯುತ್ತದೆ. ಅದರ ನಾಡಿನಲ್ಲಿ ಮಳೆಹನಿ ಬಿದ್ದಾಗಲೇ ಬೀಜ ಸಿಡಿಯುವ ಏರ್ಪಾಡು ಅದು. ಬೀಜ ಧೂಳಿನಷ್ಟು ಸಣ್ಣದು. ನಯವಾದ ಮರಳಿನೊಂದಿಗೆ ಬೆರೆಸಿ ಉದುರಿಸಿ, ಮಣ್ಣು ಮುಚ್ಚಬೇಡಿ. ಮೊಳೆತ ಮೇಲೆ ಕೆಲವು ತಿಂಗಳು ಮಣ್ಣು ಒಣಗಲು ಬಿಡುವಂತಿಲ್ಲ. (ಅ) ವರ್ಗದವರಿಗೆ ಇಲ್ಲಿ ಪೂರ್ತಿ ಸ್ವಾತಂತ್ರ್ಯವಿದೆ, ಚಮಚ ಸಮೇತ ಬರಬಹುದು. ಕೊಳ್ಳಲೇಬೇಕೆಂದರೆ ಬೀಜದ ಗಿಡವೋ ಅಗೆದದ್ದೋ ಕೇಳಿ. ಮಾರುವವನು ದನಿ ತಗ್ಗಿಸಿದರೆ ಅಂಗಡಿ ಬದಲಿಸಿ.

ಬಿತ್ತಿದ್ದು ಹೂಬಿಡಲು ಸಾಮಾನ್ಯವಾಗಿ ಮೂರು ವರ್ಷವಾದರೂ ಬೇಕು. ಅಷ್ಟು ಕಾಯಲಾರದವರು ದಾಸವಾಳ ಹಾಕಿಕೊಳ್ಳಲಿ.