ಮೂರು ಕ್ಯಾಲೆಂಡರು, ಒಂದು ಟಾರ್ಗೆಟ್ಟು

ಗೌರಿಬಿದನೂರು ಕಡೆಯ ನಮ್ಮ ಅಲೀಪುರದಲ್ಲಿ ಎರಡು ಬಗೆಯ ವ್ಯಾಪಾರವುಂಟು: ಹರಳಿನದು ಮತ್ತು ಉಳಿದದ್ದು. ನನ್ನದು ಉಳಿದದ್ದು. ಜೆರಾಕ್ಸು, ನೋಟ್‌ಬುಕ್ಕು, ಪೆನ್ನು, ಹರಳು ಹಾಕಿಡುವ ಬೆರಳಗಲದ ಪ್ಲಾಸ್ಟಿಕ್ ಕವರು, ಜೊತೆಗೆ ಮದುವೆ ಕಾರ್ಡಿನ ಆರ್ಡರು. ಕಾರ್ಡು ಅಚ್ಚಾಗುವುದು ಬೆಂಗಳೂರಿನಲ್ಲಿ. ಅದರಲ್ಲಿ ಮಾವನ ಹೆಸರು ತಪ್ಪಾದರೆ ಬೈಸಿಕೊಳ್ಳುವುದು ಇಲ್ಲಿ.

2023ರ ಮಾರ್ಚಿನವರೆಗೆ ನನ್ನ ಲೆಕ್ಕಪತ್ರ ಸರಳವಾಗಿತ್ತು. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿದ್ದರೆ ಲಾಭ, ಇಲ್ಲದಿದ್ದರೆ ಹೆಂಡತಿಯ ಸಾಸಿವೆ ಡಬ್ಬಿ. ಅಷ್ಟರಲ್ಲಿ ಬಿ.ಕಾಂ. ಓದುವ ಮಗ ಒಂದು ಭಾನುವಾರ ಅಂಗಡಿಯಲ್ಲಿ ಕೂತವನು, "ಅಪ್ಪಾ, ನಿಮಗೆ ಗುರಿಯೇ ಇಲ್ಲ" ಎಂದ. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕಟ್ಟುವುದೇ ನನ್ನ ಗುರಿ ಅಂದೆ. ಅದು ಗುರಿಯಲ್ಲ, ಭಯ ಎಂದ.

ಗುರಿಗೆ ಅವನು ಹುಡುಕಿದ ಮಾದರಿಯೂ ದೂರದ್ದಲ್ಲ, ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1934ರಲ್ಲೇ ಪುಸ್ತಕ ಬರೆದು, ಹತ್ತು ವರ್ಷದಲ್ಲಿ ದೇಶದ ಆದಾಯವನ್ನು ಎರಡರಷ್ಟು ಮಾಡಬಹುದೆಂದು ಯೋಜನೆ ಹಾಕಿಕೊಟ್ಟವರು. ಇಡೀ ದೇಶಕ್ಕೆ ಹತ್ತು ವರ್ಷ ಸಾಕಾದರೆ ಹತ್ತಡಿ ಅಗಲದ ಅಂಗಡಿಗೆ ಒಂದು ವರ್ಷ ಧಾರಾಳವಾಯಿತು ಎಂಬುದು ನನ್ನ ಮಗನ ತ್ರೈರಾಶಿ. ತಿಂಗಳಿಗೆ ನಲವತ್ತು ಸಾವಿರ ಇದ್ದ ವ್ಯಾಪಾರ ಮುಂದಿನ ಮಾರ್ಚಿಗೆ ಎಂಬತ್ತು ಸಾವಿರ ಆಗಬೇಕು. ಅಂಗಡಿಯದೇ ಒಂದು ಗ್ರಾಫ್ ಹಾಳೆ ತೆಗೆದು, ಕೆಂಪು ಸ್ಕೆಚ್ ಪೆನ್ನಿನಲ್ಲಿ ಮೇಲಕ್ಕೆ ಓರೆ ಗೆರೆ ಎಳೆದು, ಜೆರಾಕ್ಸ್ ಮಷೀನಿನ ಹಿಂದಿನ ಗೋಡೆಗೆ ಅಂಟಿಸಿದ. ಗ್ರಾಫ್ ಹಾಳೆ, ಸ್ಕೆಚ್ ಪೆನ್ನು ಎರಡಕ್ಕೂ ದುಡ್ಡು ಕೊಡಲಿಲ್ಲ. ಯೋಜನೆ ನಷ್ಟದಲ್ಲೇ ಶುರುವಾಯಿತು.

ಏಪ್ರಿಲ್ ತಿಂಗಳು ರಂಜಾನಿನಲ್ಲೇ ಸರಿದುಹೋಯಿತು. ಮೇ ತಿಂಗಳಲ್ಲಿ ಮಾತ್ರ ನನ್ನ ಗೆರೆ ಎದ್ದು ನಿಂತಿತು. ಮದುವೆಗಳ ಸಾಲು, ಹತ್ತನೇ ತಾರೀಕಿಗೆ ವಿಧಾನಸಭೆ ಚುನಾವಣೆ, ವೋಟರ್ ಲಿಸ್ಟಿನ ಜೆರಾಕ್ಸೋ ಜೆರಾಕ್ಸು. ಟಾರ್ಗೆಟ್ ಮುಟ್ಟಲು ಇನ್ನೂ ಒಂಬತ್ತು ಸಾವಿರ ಕಮ್ಮಿ ಬಿದ್ದಾಗ ನಾನು ತಿಂಗಳ ಕೊನೆಯ ಮೂರು ದಿನ ಕೇಳಿದವರಿಗೆಲ್ಲ ಉದ್ದರಿ ಕೊಟ್ಟೆ. ಗ್ರಾಫು ಗೆರೆ ಮುಟ್ಟಿತು. ಉದ್ದರಿ ಪುಸ್ತಕವೂ ಕೊನೆಯ ಪುಟ ಮುಟ್ಟಿತು. ಆ ಒಂಬತ್ತು ಸಾವಿರದಲ್ಲಿ ಎರಡು ಸಾವಿರ ಈಗಲೂ ತೊಂಡೇಬಾವಿ ಕಡೆ ಎಲ್ಲೋ ಓಡಾಡಿಕೊಂಡಿದೆ.

ಆಮೇಲೆ ಶುರುವಾಯಿತು ನೋಡಿ. ಜೂನ್ 19ಕ್ಕೆ ಆಷಾಢ. ನಮ್ಮವರ ಮದುವೆ ಬಂದ್. ಒಂದು ತಿಂಗಳು ತಾನೇ, ಶ್ರಾವಣ ಬಂದರೆ ಸರಿಹೋಗುತ್ತದೆ ಎಂದು ಕಾದೆ. ಬಂದದ್ದು ಅಧಿಕ ಶ್ರಾವಣ! ಜುಲೈ 18ರಿಂದ ಆಗಸ್ಟ್ 16ರವರೆಗೆ ಮತ್ತೆ ಶುಭಕಾರ್ಯವಿಲ್ಲ. ಹೋಗಲಿ, ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಜನ ಊರಿನ ಮುಸ್ಲಿಮರು, ಅವರಿಗೆ ಅಧಿಕ ಮಾಸದ ಗೊಡವೆ ಇಲ್ಲ ಅಂದುಕೊಂಡೆ. ಜುಲೈ 20ಕ್ಕೆ ಮೊಹರಂ ಬಂತು. ನಮ್ಮೂರಿನವರು ಶಿಯಾ ಪಂಥದವರು. ಇಮಾಮ್ ಹುಸೇನರ ಶೋಕ ಇಲ್ಲಿ ಹತ್ತು ದಿನಕ್ಕೆ ಮುಗಿಯುವುದಲ್ಲ, ಎರಡು ತಿಂಗಳು ಎಂಟು ದಿನ. ಬೇರೆ ಊರುಗಳಲ್ಲಿ ವ್ಯಾಪಾರ ಮಾಡುವವರೂ ಊರಿಗೆ ಬರುತ್ತಾರೆ, ಬೀದಿಯೆಲ್ಲ ಕಪ್ಪು ಬಟ್ಟೆ. ಆ ಅವಧಿಯಲ್ಲಿ ಯಾರೂ ಮದುವೆಯ ಮಾತು ಎತ್ತುವುದಿಲ್ಲ. ಎತ್ತಬಾರದು ಕೂಡ. ಅದು ಮುಗಿಯುವ ಹೊತ್ತಿಗೆ ಸೆಪ್ಟೆಂಬರ್ ಕೊನೆ. ಉಸಿರು ಬಿಡುವಷ್ಟರಲ್ಲಿ ನಮ್ಮ ಕಡೆ ಪಿತೃಪಕ್ಷ. ನಡುವೆ ನಿಜ ಶ್ರಾವಣದಲ್ಲಿ ಮೂರು ಆರ್ಡರು ಬಂದವು. ಒಂದರಲ್ಲಿ ಮಾವನ ಹೆಸರು ತಪ್ಪಿತ್ತು.

ಗೌರಿಬಿದನೂರಿನ ಹತ್ತಿರ 1965ರಿಂದಲೂ ಭೂಕಂಪನ ಅಳೆಯುವ ಕೇಂದ್ರವೊಂದಿದೆ. ಸಾವಿರಾರು ಕಿಲೋಮೀಟರ್ ಆಚೆ ಯಾರಾದರೂ ನೆಲದೊಳಗೆ ಅಣುಬಾಂಬು ಸಿಡಿಸಿದರೂ ಅದಕ್ಕೆ ತಿಳಿಯುತ್ತದೆ. ಕೂಗಳತೆಯಲ್ಲಿದ್ದ ನನ್ನ ಕಾರ್ಡಿನ ವ್ಯಾಪಾರ ಕುಸಿದದ್ದು ಅಲ್ಲಿ ದಾಖಲಾದಂತೆ ಕಾಣೆ.

ಆದರೂ ಅಂಗಡಿ ಮುಳುಗಲಿಲ್ಲ. ಯಾಕೆ ಅಂತೀರಿ? ಜೂನ್ 18ರಿಂದ ಸರ್ಕಾರದ ಗೃಹಜ್ಯೋತಿಗೆ ಅರ್ಜಿ, ಜುಲೈ 19ಕ್ಕೆ ಗೃಹಲಕ್ಷ್ಮಿ. ಆಧಾರ್ ಕಾರ್ಡು, ರೇಷನ್ ಕಾರ್ಡು, ಪಾಸ್‌ಬುಕ್ಕು, ಕರೆಂಟ್ ಬಿಲ್ಲು. ಬೇಕೋ ಬೇಡವೋ, ಎಲ್ಲದರದ್ದೂ ಎರಡೆರಡು ಜೆರಾಕ್ಸು ಕೈಲಿ ಇರಲಿ ಎಂಬುದು ನಮ್ಮ ಹೆಂಗಸರ ಮುಂಜಾಗ್ರತೆ. ಮಷೀನು ಬಿಸಿಯಾಗಿ ಅದರ ಮೇಲೆ ಹಪ್ಪಳ ಸುಡಬಹುದಿತ್ತು. ಮಗನ ಯೋಜನೆಯಲ್ಲಿ 'ಜೆರಾಕ್ಸು' ಎಂಬುದು ಇತರೆ ಬಾಬ್ತಿನ ಕೆಳಗೆ, ಅಂಟಿನ ಬಾಟಲಿಯ ಪಕ್ಕದಲ್ಲಿತ್ತು. ಗುರಿ ಇಟ್ಟ ಕಡೆ ಒಂದು ಕಾಸು ಬರಲಿಲ್ಲ, ಇಡದ ಕಡೆ ಕ್ಯೂ ನಿಂತಿತು. ಗೋಡೆಯ ಗೆರೆ ಏರಲೂ ಇಲ್ಲ, ಇಳಿಯಲೂ ಇಲ್ಲ, ನಮ್ಮ ಉತ್ತರ ಪಿನಾಕಿನಿಯ ಹಾಗೆ ಮಲಗಿತು.

"ಇದೊಂದು ವರ್ಷ ಹಾಗಾಯ್ತು, ಮುಂದಿನ ವರ್ಷದ ತಿಂಗಳನ್ನು ಈ ವರ್ಷದ ಅದೇ ತಿಂಗಳಿಗೆ ಹೋಲಿಸೋಣ" ಎಂದ ಮಗ. ಬಿ.ಕಾಂ.ನಲ್ಲಿ ಹಾಗೆ ಹೇಳಿಕೊಡುತ್ತಾರಂತೆ. ಅಲ್ಲಿ ಹಿಜರಿ ಕ್ಯಾಲೆಂಡರ್ ಹೇಳಿಕೊಡುವುದಿಲ್ಲ. ಅದರ ವರ್ಷಕ್ಕೆ 354 ದಿನ, ಕೆಲವೊಮ್ಮೆ 355. ಹೀಗಾಗಿ ಮೊಹರಂ ವರ್ಷವರ್ಷವೂ ಹತ್ತು ಹನ್ನೆರಡು ದಿನ ಹಿಂದಕ್ಕೆ ಜಾರುತ್ತದೆ. ಹತ್ತನೇ ದಿನದ ಆಶುರಾ 2022ರಲ್ಲಿ ಆಗಸ್ಟ್ 9, 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಮುಂದಕ್ಕೆ ಎಣಿಸಿದರೆ ಅದು ಮೆಲ್ಲಗೆ ಜೂನಿನೊಳಕ್ಕೆ, ಅಂದರೆ ಶಾಲೆ ತೆರೆಯುವ, ನಾನು ನೋಟ್‌ಬುಕ್ ಮಾರುವ ಏಕೈಕ ಒಳ್ಳೆಯ ತಿಂಗಳಿನೊಳಕ್ಕೆ ಬರುತ್ತಿದೆ. ನಮ್ಮ ಪಂಚಾಂಗದವರಾದರೂ ಸುಮಾರು ಮೂರು ವರ್ಷಕ್ಕೊಂದರಂತೆ ಅಧಿಕ ಮಾಸ ತುರುಕಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಹಾಗಾಗಿ ಅಂಗಡಿಯ ಗೋಡೆಯಲ್ಲಿ ಮೂರು ಕ್ಯಾಲೆಂಡರ್ ನೇತಾಡುತ್ತವೆ, ಒಂದರ ಮಾತು ಇನ್ನೊಂದು ಕೇಳುವುದಿಲ್ಲ.

ಈ ಕಷ್ಟವನ್ನು ಎದುರು ಅಂಗಡಿಯ ಚಾಚಾ ಹತ್ತಿರ ತೋಡಿಕೊಂಡೆ. ಅವರದು ಹರಳಿನ ವ್ಯಾಪಾರ. "ಎಷ್ಟು ವರ್ಷಕ್ಕೆ ಒಂದು ಸುತ್ತು ಬರ್ತದೆ?" ಅಂದರು. ಮೂವತ್ತಮೂರು ಅಂದೆ. "ಮತ್ತೇನು, ತಡ್ಕೊಳ್ಳಿ ಸಾಹೇಬ್ರೇ, ಸರಿ ಹೋಗ್ತದೆ" ಅಂದು ಫ್ಯಾನ್ ಆಫ್ ಮಾಡಿದರು. ಹರಳು ತೂಗುವಾಗ ಅವರಲ್ಲಿ ಫ್ಯಾನ್ ಹಾಕುವಂತಿಲ್ಲ. ಒಂದು ಕ್ಯಾರೆಟ್ಟೆಂದರೆ 200 ಮಿಲಿಗ್ರಾಂ. ಹಿಂದೆ ಗುಲಗಂಜಿ ಕಾಳಿನಲ್ಲಿ ತೂಗುತ್ತಿದ್ದ ವ್ಯವಹಾರ, ಗಾಳಿ ಬೀಸಿದರೂ ಬೆಲೆ ಅಲ್ಲಾಡುತ್ತದೆ. ಸೆಖೆಯಲ್ಲಿ ಬೆವರುತ್ತ ನಿಂತೆ.

ನನ್ನ ಗ್ರಾಫು ನೋಡಬೇಕೆಂದರು. ಕಿತ್ತು ತಂದು ತೋರಿಸಿದೆ. ಕನ್ನಡಕ ಏರಿಸಿ, ರತ್ನ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. "ನಾನು ಕಲ್ಲು ತಂದಾಗ ಹತ್ತು ಕ್ಯಾರೆಟ್ ಇರ್ತದೆ. ಕಟ್ಟಿಂಗು, ಪಾಲಿಶು ಎಲ್ಲ ಆಗಿ ಕೈಗೆ ಬರೋದು ನಾಲ್ಕು. ನಿಮ್ಮ ಮಗ ಇದ್ದಿದ್ರೆ ದಿನಾ ನಷ್ಟ ಅಂತ ಬರೀತಿದ್ದ" ಎಂದರು. ಮಾತು ಚೆನ್ನಾಗಿತ್ತು. ಆದರೆ ಜೆರಾಕ್ಸ್ ಹಾಳೆಯನ್ನು ಎಷ್ಟು ಉಜ್ಜಿದರೂ ಮಾಣಿಕ್ಯವಾಗುವುದಿಲ್ಲವಲ್ಲ, ಬಾಯಿಬಿಟ್ಟು ಹೇಳಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಯುವ ಭಾವಮೈದನದು ಇನ್ನೊಂದು ತರ್ಕ. "ನಮ್ಮ ಹುಳ ಪೊರೆ ಬಿಡುವ ನಾಲ್ಕು ಜ್ವರ ಕಳೆದು ಹಣ್ಣಾಗಿ ಗೂಡು ಕಟ್ಟುತ್ತೆ ಭಾವ, ಅದಕ್ಕೆ ಯಾರೂ ಗ್ರಾಫ್ ಹಾಕಿಕೊಟ್ಟಿಲ್ಲ. ನಿಮ್ಮದು ಬರೀ ಜ್ವರ, ಗೂಡು ಕಾಣಲಿಲ್ಲ" ಎಂದ. ಮಾರುಕಟ್ಟೆಯ ಹರಾಜಿನಲ್ಲಿ ಗೂಡಿನ ಬೆಲೆ ಬಿದ್ದಾಗ ಅವನ ಮುಖ ನೋಡಿದವನು ನಾನು. ಅವನ ವೇದಾಂತವೂ ದಿನದ ರೇಟಿನ ಮೇಲೆ ನಿಂತಿದೆ.

ಮಾರ್ಚ್ 2024ಕ್ಕೆ ವರ್ಷದ ಲೆಕ್ಕ ಮುಗಿಯಿತು. ತಿಂಗಳ ಸರಾಸರಿ ನಲವತ್ತೊಂದು ಸಾವಿರದ ಚಿಲ್ಲರೆ. ಆ ಹೆಚ್ಚುವರಿ ಒಂದು ಸಾವಿರವನ್ನೂ ಗೃಹಲಕ್ಷ್ಮಿಯ ಲೆಕ್ಕಕ್ಕೆ ಬರೆಯಬೇಕೆಂದು ಹೆಂಡತಿ ವಾದಿಸಿದಳು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವನಿಗೇ ಯಾರೋ ಟಾರ್ಗೆಟ್ ಕೊಡುತ್ತಾರಂತೆ. ಫೋನಿನಲ್ಲಿ ಈಚೆಗೆ ನನ್ನ ವ್ಯಾಪಾರ ಕೇಳುವುದಿಲ್ಲ, ಊಟ ಆಯಿತಾ ಎಂದಷ್ಟೇ ಕೇಳುತ್ತಾನೆ.

ಯೋಜನೆಯ ಉತ್ಸಾಹದಲ್ಲಿ ಎರಡು ಕಟ್ಟು ಗ್ರಾಫ್ ಹಾಳೆ ತರಿಸಿದ್ದೆ. ಮುಕ್ಕಾಲು ಪಾಲು ಹಾಗೇ ಇದೆ. ಹಾಳೆಗೆ ಎರಡು ರೂಪಾಯಿ, ಹತ್ತು ಕೊಂಡರೆ ಒಂದು ಸ್ಕೆಚ್ ಪೆನ್ನು ಉಚಿತ. ನಿಮಗೇನಾದರೂ ಗುರಿಗಿರಿ ಇದ್ದರೆ ಬನ್ನಿ. ಉದ್ದರಿ ಮಾತ್ರ ಕೇಳಬೇಡಿ.