ನೆಲ ನೋಡಿ ನಡೆ

ಮನೆ ಕಟ್ಟಿಸುವವರ ಹತ್ತಿರ ಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಣ್ಣು ಮುಚ್ಚಿದ ಮೇಲೆ ಅದು ಎಂಜಿನಿಯರಿಗೂ ದೇವರಿಗೂ ಬಿಟ್ಟ ವಿಷಯ. ಗೋಡೆಯದೂ ಅಷ್ಟೇ, ಬಣ್ಣ ಬಳಿಯುವವರೆಗೆ ಅದನ್ನು ಕೇಳುವವರಿಲ್ಲ. ನೆಲದ ಸರದಿ ಬರಲಿ, ಆಗ ನೋಡಿ. ಹಾಲು ಹಾಕುವವರಿಂದ ಹಿಡಿದು ಬೀಗರ ಬೀಗರವರೆಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ. ಪ್ರತಿ ಅಭಿಪ್ರಾಯದ ಹಿಂದೆಯೂ ಜಾರಿ ಬಿದ್ದ ಒಬ್ಬ ನೆಂಟರು ಇರುತ್ತಾರೆ. "ಗ್ರಾನೈಟ್ ಮಾತ್ರ ಬೇಡಿ, ನಮ್ಮ ಷಡ್ಡಕರ ಮಂಡಿ ಹೋಯ್ತು." "ಮಾರ್ಬಲ್ಲಾ? ಹಾಗಾದ್ರೆ ಮನೇಲಿ ನಿಂಬೆಹಣ್ಣು ಹಿಂಡೋದು ಬಿಟ್ಟುಬಿಡಿ."

ಮೈಸೂರಿನ ರಿಂಗ್ ರಸ್ತೆಯ ಆಚೆ ನಮ್ಮ ಅಕ್ಕ, ಭಾವ ಮನೆ ಕಟ್ಟಿಸಲು ಹೊರಟಾಗ ಈ ಅಭಿಪ್ರಾಯಗಳು ಮೂರು ಪಕ್ಷಗಳಾಗಿ ನಿಂತವು. ಭಾವ ರೆಡ್ ಆಕ್ಸೈಡ್ ಪಕ್ಷ. ಅಕ್ಕ ವಿಟ್ರಿಫೈಡ್ ಟೈಲ್ಸ್ ಪಕ್ಷ. ನ್ಯೂಜೆರ್ಸಿಯಲ್ಲಿರುವ ಅವರ ಮಗ ವಿಡಿಯೊ ಕಾಲಿನಿಂದಲೇ ಕಾರ್ಪೆಟ್ ಪಕ್ಷವನ್ನು ಕಟ್ಟಿದ. ನಾನು ಹುಟ್ಟಿದಾಗಿನಿಂದ ಬಾಡಿಗೆ ಮನೆಯವನು, ಓನರ್ ಹಾಕಿಸಿದ್ದೇ ನನ್ನ ನೆಲ. ಸ್ವಂತ ಹಿತಾಸಕ್ತಿ ಇಲ್ಲದವನೆಂದು ಪಂಚಾಯ್ತಿಗೆ ನನ್ನನ್ನು ಕೂರಿಸಿದರು.

"ಮಾಮ, ನೀವಾದ್ರೂ ಅಮ್ಮಂಗೆ ಹೇಳಿ. ಪಾಪು ಅಂಬೆಗಾಲಿಡ್ತಿದೆ. ಊರಿಗೆ ಬಂದಾಗ ಆ ಕಲ್ಲಿನ ಮೇಲೆ ಬಿದ್ರೆ ಏನ್ ಗತಿ? ಒಂದು ರೂಮಿಗಾದ್ರೂ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕ್ಸಿ."

"ನೀನು ಬಿದ್ದು ಎದ್ದಿದ್ದೆಲ್ಲ ಯಾವುದರ ಮೇಲೆ ಅಂದ್ಕೊಂಡಿದ್ದೀಯ?" ಎಂದಳು ಅಕ್ಕ. ಕಾರ್ಪೆಟ್ಟಿನ ಮೇಲೆ ಅವಳಿಗೆ ಹಳೆಯ ದ್ವೇಷವಿದೆ. ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು, ವೀಸಾ ಮುಗಿಯುವವರೆಗೆ ನಸುಗಂದು ಬಣ್ಣದ ಕಾರ್ಪೆಟ್ಟಿನ ಮೇಲೆ ಬಾಳಿ ಬಂದಿದ್ದಾಳೆ. ಬಾಡಿಗೆ ಮನೆ, ಕಲೆಯಾದರೆ ಡಿಪಾಸಿಟ್ಟಿಗೆ ಕತ್ತರಿ. ಸಾರಿನ ಪಾತ್ರೆ ಎತ್ತಿದಾಗೆಲ್ಲ ಮಗನ ಮುಖ ಬಿಳುಚಿಕೊಳ್ಳುತ್ತಿತ್ತಂತೆ. ಅರಿಸಿನದ ಡಬ್ಬಿಯನ್ನು ಸೊಸೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಯುಗಾದಿಗೆ ರಂಗೋಲಿ ಹಾಕಬೇಕೆಂದರೆ ಬಚ್ಚಲುಮನೆ ಬಿಟ್ಟರೆ ಬೇರೆ ಗಟ್ಟಿ ಜಾಗವಿಲ್ಲ. ಒಗ್ಗರಣೆಯ ಇಂಗಿನ ವಾಸನೆ ಕಾರ್ಪೆಟ್ಟಿನಲ್ಲಿ ಒಮ್ಮೆ ಸೇರಿಕೊಂಡರೆ ಅದಕ್ಕೆ ಗ್ರೀನ್ ಕಾರ್ಡ್ ಸಿಕ್ಕಂತೆಯೇ, ವಾಪಸು ಹೋಗುವ ಮಾತಿಲ್ಲ.

ಆದರೆ ಪಂಚಾಯ್ತಿಯ ಧರ್ಮಕ್ಕೆ ಹೇಳಬೇಕು: ಕಾರ್ಪೆಟ್ ಅಲ್ಲಿ ಸುಮ್ಮನೆ ಬಂದದ್ದಲ್ಲ. ಅಲ್ಲಿಯ ಎಷ್ಟೋ ಮನೆಗಳು ಮರದ ಚೌಕಟ್ಟಿನವು. ಮಹಡಿಯ ನೆಲವೆಂದರೆ ತೊಲೆಗಳ ಮೇಲೆ ಹಲಗೆ. ಮೇಲಿನವರು ನಡೆದರೆ ಕೆಳಗಿನವರ ತಲೆಯ ಮೇಲೇ ನಡೆದ ಹಾಗೆ. ನ್ಯೂಯಾರ್ಕಿನ ಎಷ್ಟೋ ಅಪಾರ್ಟ್‌ಮೆಂಟುಗಳ ಬಾಡಿಗೆ ಕರಾರಿನಲ್ಲಿ, ನೆಲದ ಶೇಕಡಾ 80 ಭಾಗಕ್ಕೆ ಹಾಸು ಹಾಕಿರಬೇಕೆಂಬ ಷರತ್ತೇ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇಂಥದೊಂದು ಷರತ್ತು ಬರಬಾರದೇ ಎಂದು ನನ್ನ ಒಳಮನಸ್ಸಿನ ಆಸೆ. ನಮ್ಮ ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಒಂದು ಕುರ್ಚಿಯನ್ನು ನಡುಮನೆಯ ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ಅದು ಬೆಳಗ್ಗೆ ಹೇಗೆ ಮತ್ತೆ ಈ ತುದಿಗೆ ಬಂದಿರುತ್ತದೋ ಆ ಕುರ್ಚಿಗೇ ಗೊತ್ತು.

ಚಳಿಯದೂ ಒಂದು ಕಾರಣ. ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಬಿದ್ದಿದ್ದ ಕಲ್ಲೂ ಕಾರ್ಪೆಟ್ಟೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ. ಕಲ್ಲು ಪಾದದ ಬಿಸಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಕಾರ್ಪೆಟ್ಟಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಎಳೆದುಕೊಳ್ಳುವುದಿಲ್ಲ. ವ್ಯತ್ಯಾಸ ಇಷ್ಟೇ. ಜನವರಿಯ ನ್ಯೂಜೆರ್ಸಿಯಲ್ಲಿ ಇದು ಕಾರ್ಪೆಟ್ಟಿನ ಪರವಾದ ವಾದ, ಏಪ್ರಿಲ್ಲಿನ ಮೈಸೂರಿನಲ್ಲಿ ಕಲ್ಲಿನ ಪರವಾದ ವಾದ. ಭಾವನ ಹಳೆಯ ಸಹೋದ್ಯೋಗಿಯೊಬ್ಬರು ಕಲಬುರಗಿ ಕಡೆಯವರು, ಫೋನಿನಲ್ಲೇ ತೀರ್ಪು ಕೊಟ್ಟರು: "ಶಹಾಬಾದ್ ಫರಸಿ ಹಾಕಸ್ರೀ ಸರ. ಬ್ಯಾಸಗ್ಯಾಗ ಮಧ್ಯಾಹ್ನ ಅದರ ಮ್ಯಾಲ ಅಂಗಿ ತಗದು ಮಲಗ್ರಿ, ಏಸಿ ಯಾಕ ಬೇಕು?" ಶಹಾಬಾದಿನ ಆ ಬೂದುಬಣ್ಣದ ಸುಣ್ಣಕಲ್ಲಿನ ಮೇಲೆ ಉತ್ತರ ಕರ್ನಾಟಕದ ಎಷ್ಟು ತಲೆಮಾರುಗಳು ಮಧ್ಯಾಹ್ನದ ನಿದ್ದೆ ಮಾಡಿವೆಯೋ!

ಭಾವನ ಪಕ್ಷದ ಪ್ರಣಾಳಿಕೆಯಲ್ಲಿ ಇದ್ದದ್ದೆಲ್ಲ ನೆನಪು. ಅವರು ಬೆಳೆದ ಅಗ್ರಹಾರದ ಮನೆಯ ಕೆಂಪು ನೆಲ, ಅದರ ಕರಿ ಅಂಚು, ಅಜ್ಜಿ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ ಒರೆಸಿ ಮುಖ ಕಾಣುವ ಹಾಗೆ ಮಾಡಿದ್ದು. ಅವರು ಹೇಳುವುದೇನೂ ಸುಳ್ಳಲ್ಲ. ಆ ನೆಲ ಮಾಡುವ ಕೆಲಸವನ್ನು ನಾನೂ ಹುಡುಗನಾಗಿದ್ದಾಗ ಕಿಟಕಿಯಿಂದ ನೋಡಿದ್ದೇನೆ. ಒರಟು ಕಾಂಕ್ರೀಟಿನ ಮೇಲೆ ಸಿಮೆಂಟೂ ಕೆಂಪು ಪುಡಿಯೂ ಕಲಸಿದ ತೆಳು ಪದರ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಹಿಂದಹಿಂದಕ್ಕೆ ಸರಿಯುತ್ತ, ಕರಣೆಯಿಂದ ಉಜ್ಜುತ್ತ ಬಾಗಿಲ ಕಡೆಗೆ ಬರುತ್ತಾನೆ. ಒಂದು ಕೋಣೆ ಹಿಡಿದರೆ ಒಂದೇ ದಿನ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಆ ಗೆರೆ ಜನ್ಮಪೂರ್ತಿ ಕಾಣುತ್ತದೆ. ಉಜ್ಜುವ ಹದವೂ ಅಷ್ಟೇ ಸೂಕ್ಷ್ಮ: ಮೊದಲೇ ಉಜ್ಜಿದರೆ ನೀರು ಮೇಲೆ ಬರುತ್ತದೆ, ತಡವಾದರೆ ಕರಣೆ ಹಿಡಿಯುವುದಿಲ್ಲ. ಆಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸಬೇಕು. ಇಷ್ಟರ ನಡುವೆ ರಾತ್ರಿ ಒಂದು ಬೆಕ್ಕು ಬರುತ್ತದೆ. ಹಳೆಯ ರೆಡ್ ಆಕ್ಸೈಡ್ ಮನೆಗಳಲ್ಲಿ ಅಡುಗೆಮನೆಯ ಬಾಗಿಲ ಬಳಿ ಹುಡುಕಿ ನೋಡಿ, ನಾಲ್ಕು ಪುಟ್ಟ ಪಾದದ ಗುರುತು ಎಲ್ಲಾದರೂ ಸಿಕ್ಕೇ ಸಿಗುತ್ತದೆ. ನಮ್ಮ ವಠಾರದ ಮನೆಯ ಬೆಕ್ಕು ಹಾಲಿನ ಕಡೆಗೆ ಹೋದದ್ದು ಮಾತ್ರ ಅಚ್ಚಾಗಿತ್ತು, ವಾಪಸು ಬಂದದ್ದು ಇರಲಿಲ್ಲ.

ಭಾವನಿಗೆ ಮೂರು ತಾಪತ್ರಯ ಎದುರಾದವು. ಆ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಈಗ ಮಂಡಿ ಬಗ್ಗುವುದಿಲ್ಲ. ಅವರ ಮಕ್ಕಳಿಗೆ ಟೈಲ್ಸ್ ಮಾತ್ರ ಬರುತ್ತದೆ. ಕಡೆಗೆ ಸಿಕ್ಕಿದ ಒಬ್ಬ ಹಿರಿಯರು ನೆಲ ನೋಡಿ, ಎಲೆಯಡಿಕೆ ಹಾಕಿಕೊಂಡು, "ಮಾಡ್ಕೊಡ್ತೀನಿ ಸ್ವಾಮಿ, ಬಿರುಕು ಬಿಟ್ರೆ ಮಾತ್ರ ನನ್ನನ್ನ ಕೇಳ್ಬೇಡಿ" ಎಂದರು. ಬಿರುಕು ಬಿಡುತ್ತದೆ, ಬಿಟ್ಟಲ್ಲಿ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಅಷ್ಟು ಪ್ರಾಮಾಣಿಕರಾದ ಮೇಸ್ತ್ರಿಗೆ ಕೆಲಸ ಕೊಡುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಹೀಗೆ ನಾವು ಟೈಲ್ಸ್ ಅಂಗಡಿಗೆ ಹೋದೆವು. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ಚೌಕಗಳು ಅಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಎರಡಕ್ಕೆ ಎರಡು, ಎರಡಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು. ಮರವಲ್ಲದ ಮರ, ಅಮೃತಶಿಲೆಯಲ್ಲದ ಅಮೃತಶಿಲೆ. ಒಂದರ ಮೇಲೆ ಗೋಣಿಚೀಲದ ನೇಯ್ಗೆಯೂ ಮೂಡಿತ್ತು. ಗೋಣಿಚೀಲಕ್ಕಿಂತ ಅದರ ಚಿತ್ರವೇ ದುಬಾರಿ. ಮಾರಾಟದ ಹುಡುಗ ವಿಟ್ರಿಫೈಡ್ ಎಂದರೇನೆಂದು ಪಾಠ ಮಾಡಿದ: ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟದ್ದು, ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಕುಡಿಯುವುದಿಲ್ಲ. "ಸಾಂಬಾರ್ ಚೆಲ್ಲಿ ಮೇಡಂ, ಬೇಕಾದ್ರೆ ನಾಳೆ ಒರೆಸಿ" ಎಂದ. ಅಕ್ಕ ಆ ಕ್ಷಣದಲ್ಲೇ ಮನಸೋತಳು. ಮಾರ್ಬಲ್ಲಿನ ಮೂಲ ಸುಣ್ಣ, ಹುಳಿ ಬಿದ್ದ ಕಡೆ ಕಚ್ಚಿ ಮಂಕಾಗುತ್ತದೆ. ಶಹಾಬಾದ್, ಕಡಪ ಕಲ್ಲುಗಳದ್ದೂ ಅದೇ ಜಾತಕ. ದಿನಕ್ಕೆ ಎರಡು ಹೊತ್ತು ಹುಣಿಸೇಹಣ್ಣು ಕಿವುಚುವ ಮನೆಗೆ ಇದು ಸಣ್ಣ ಮಾತಲ್ಲ.

ಜಾರುವ ವಿಷಯ ನಾನು ಎತ್ತಿದೆ. ಹುಡುಗ ಟೈಲ್ಸ್ ಹಿಂದೆ ಅಚ್ಚಾಗಿದ್ದ 'ಆರ್ 9' ತೋರಿಸಿ, "ಇದು ಜರ್ಮನ್ ಟೆಸ್ಟ್ ಸರ್" ಎಂದ. ಆ ಪರೀಕ್ಷೆಯ ವಿವರ ಓದಿದಾಗಿನಿಂದ ನನಗೆ ಜರ್ಮನರ ಮೇಲೆ ಗೌರವ ಇಮ್ಮಡಿಯಾಗಿದೆ. ಟೈಲ್ಸ್ ಹಾಸಿದ ಹಲಗೆಗೆ ಎಂಜಿನ್ ಆಯಿಲ್ ಸವರುತ್ತಾರೆ. ಬೂಟು ತೊಟ್ಟ ಮನುಷ್ಯನೊಬ್ಬ, ಬೀಳದ ಹಾಗೆ ಹಗ್ಗ ಕಟ್ಟಿಸಿಕೊಂಡು, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನು ಜಾರುವವರೆಗೆ ಹಲಗೆಯನ್ನು ಮೆಲ್ಲಮೆಲ್ಲಗೆ ಓರೆ ಮಾಡುತ್ತ ಹೋಗುತ್ತಾರೆ. ಜಾರಿದ ಕೋನ ಎಷ್ಟೋ ಅದರ ಮೇಲೆ ಆರ್ 9ರಿಂದ ಆರ್ 13ರವರೆಗೆ ಅಂಕ. ನಮ್ಮ ಮನೆಗಳಲ್ಲಿ ಎಂಜಿನ್ ಆಯಿಲ್ ಮೇಲೆ ಬೂಟು ಹಾಕಿ ನಡೆಯುವವರು ಕಡಿಮೆ. ಸೋಪಿನ ನೀರಿನ ಮೇಲೆ ಬರಿಗಾಲಲ್ಲಿ ನಡೆಸುವ ಇನ್ನೊಂದು ಪರೀಕ್ಷೆಯೇ ಇದೆ, ಅದಕ್ಕೆ ಎ, ಬಿ, ಸಿ ಎಂಬ ದರ್ಜೆ. ಬಚ್ಚಲುಮನೆಗೆ ಟೈಲ್ಸ್ ಕೊಳ್ಳುವವರು ಕೇಳಬೇಕಾದ್ದು ಅದನ್ನು. ನಾನು ಕೇಳಿದೆ. ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರು ಕಾಫಿ ತರಿಸಿದರು.

ಅಷ್ಟರಲ್ಲಿ ನ್ಯೂಜೆರ್ಸಿಯ ಪಕ್ಷ ಇನ್ನೂ ಕಣದಲ್ಲೇ ಇತ್ತು. ಕಾರ್ಪೆಟ್ಟಿನ ಎಳೆಗಳ ಬುಡದಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಸಂಸಾರ ಹೂಡುತ್ತದೆ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ, ಗಾಳಿಯ ತೇವವೇ ಅದರ ನೀರು ಎಂದು ನಾನು ಅಳಿಯನಿಗೆ ವಿವರಿಸಿದೆ. ಮೈಸೂರು ಹೇಗೋ ತಡೆದೀತು. ಮಂಗಳೂರಿನಲ್ಲೋ ಶೃಂಗೇರಿಯಲ್ಲೋ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿ ಒಂದು ಆಟಿ ಕಳೆದರೆ ಅಣಬೆ ಕೊಯ್ಯಬಹುದು. ಅಲ್ಲಿ ಮಳೆಗಾಲದಲ್ಲಿ ಕಲ್ಲಿನ ನೆಲವೇ ಬೆವರುತ್ತದೆ. "ವ್ಯಾಕ್ಯೂಮ್ ಮಾಡಿದ್ರಾಯ್ತು ಮಾಮ" ಎಂದ. ಮಾಡುವವರು ಯಾರು ಎಂಬುದು ಬಂದ ಕೂಡಲೇ ನೆಟ್‌ವರ್ಕ್ ಹೋಯಿತು.

ನನಗೆ ಅನ್ನಿಸುವುದು, ನಮ್ಮಲ್ಲಿ ನೆಲವೆಂದರೆ ಬರೀ ಓಡಾಡುವ ಜಾಗವಲ್ಲ. ಎಲೆ ಹಾಕಿ ಉಣ್ಣುವುದು, ತರಕಾರಿ ಹೆಚ್ಚುವುದು, ಹಪ್ಪಳ ಒತ್ತುವುದು, ಹೋಮ ಮಾಡುವುದು, ನೆಂಟರು ಹೆಚ್ಚಾದರೆ ಸಾಲಾಗಿ ಮಲಗುವುದು, ಎಲ್ಲ ನೆಲದಲ್ಲೇ. ಇಷ್ಟು ಕೆಲಸ ಮಾಡುವ ಜಾಗವನ್ನು ದಿನಕ್ಕೊಮ್ಮೆಯಾದರೂ ನೀರು ಹಾಕಿ ಒರೆಸಲೇಬೇಕು. ಮೆತ್ತಗಿನದ್ದು ಬೇಡವೆಂದು ನಾವು ಯಾವಾಗ ಹೇಳಿದೆವು? ಬೇಕಾದಾಗ ಹಾಸಿ, ಸಾಕಾದಾಗ ಸುತ್ತಿ ಮೂಲೆಗಿಡುವ ಹಾಗಿರಬೇಕು, ಅಷ್ಟೇ. ಚಾಪೆ ಇದೆ, ಕಂಬಳಿ ಇದೆ, ಜಮಖಾನ ಇದೆ. ಮದುವೆಮನೆಯ ಜಮಖಾನವನ್ನು ಛತ್ರ ಬಿಡುವ ಹೊತ್ತಿನಲ್ಲಿ ನಾಲ್ಕು ಹುಡುಗರು ಆ ತುದಿಯಿಂದ ಸುತ್ತಿಕೊಂಡು ಬರುವುದನ್ನು ನೋಡಿದ್ದೀರಲ್ಲ? ಅದರ ಅಡಿಯಿಂದ ಒಂದು ಕಾಲುಂಗುರ, ಎರಡು ಅಡಿಕೆ ಚೂರು, ಯಾರದೋ ಬೀರುವಿನ ಬೀಗದ ಕೈ ಹೊರಬೀಳುತ್ತವೆ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಇದನ್ನೆಲ್ಲ ಎಂದಾದರೂ ವಾಪಸು ಕೊಟ್ಟೀತೇ?

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನೇಯುವ ಹತ್ತಿಯ ಜಮಖಾನಗಳಿವೆ. ಗೋಡೆಗೆ ನಿಲ್ಲಿಸಿದ ಮಗ್ಗ, ಕಡುಬಣ್ಣದ ನೂಲು, ಪಗಡೆ ಹಾಸಿನ ಚಿತ್ತಾರ, ನವಿಲು. ವಿಜಯಪುರದಿಂದ ಬಂದ ಮುಸ್ಲಿಂ ಕುಟುಂಬಗಳು ಈ ಕಸುಬು ತಂದವೆಂದು ಅಲ್ಲಿನವರ ಹೇಳಿಕೆ. ಮಗಳು ಬೇರೆ ಮನೆಗೆ ಹೋಗುತ್ತಾಳೆಂದು ಸೊಸೆಗೆ ಮಾತ್ರ ಕಲಿಸುವ ಪದ್ಧತಿ ಇತ್ತಂತೆ. ಈಗ ಅದಕ್ಕೆ ಭೌಗೋಳಿಕ ಸೂಚಿಕೆಯ ಮುದ್ರೆ ಇದೆ, ನೇಯುವವರು ಮಾತ್ರ ಬೆರಳೆಣಿಕೆಯಷ್ಟು. ತಮಾಷೆಯೆಂದರೆ ಅಮೆರಿಕದ ಕಾರ್ಪೆಟ್ಟಿನ ಮೂಲವೂ ಹೆಣ್ಣಿನ ಕೈಯೇ. ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರಿನಲ್ಲಿ ಕ್ಯಾಥರೀನ್ ಎವನ್ಸ್ ಎಂಬ ಹುಡುಗಿ 1895ರಲ್ಲಿ ಹಾಸಿಗೆಯ ಹೊದಿಕೆಗೆ ನೂಲಿನ ಕುಚ್ಚು ಕೂರಿಸಿದಳು. ಅಕ್ಕಪಕ್ಕದವರು ಕಲಿತರು, ಆಮೇಲೆ ಯಂತ್ರ ಕಲಿಯಿತು, ಹೊದಿಕೆ ಮಂಚದಿಂದ ಇಳಿದು ನೆಲಕ್ಕೆ ಹರಡಿತು. ಈಗ ಆ ಊರು ತನ್ನನ್ನು ಜಗತ್ತಿನ ಕಾರ್ಪೆಟ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ನವಲಗುಂದ ಏನೂ ಕರೆದುಕೊಳ್ಳದೆ ಸುಮ್ಮನಿದೆ.

ಈ ಕಥೆ ಕೇಳಿಸಿ ಅಳಿಯನಿಂದ ಒಂದು ಜಮಖಾನದ ದುಡ್ಡು ವಸೂಲು ಮಾಡಿದೆ. ಉಳಿದದ್ದು ರಾಜಿ. ಇಡೀ ಮನೆಗೆ ಹೊಳಪಿಲ್ಲದ ವಿಟ್ರಿಫೈಡ್, ಮುಂದಿನ ಜಗುಲಿಗೆ ಮಾತ್ರ ಭಾವನ ರೆಡ್ ಆಕ್ಸೈಡ್. ಎಲೆಯಡಿಕೆಯ ಆ ಹಿರಿಯರೇ ಬಂದು ಮಾಡಿಕೊಟ್ಟರು. ಒಂದು ಕಡೆ ಕೂದಲೆಳೆಯ ಬಿರುಕು ಬಿಟ್ಟಿದೆ. ಕೊಟ್ಟ ಮಾತಿನಂತೆ ಅವರನ್ನು ಕೇಳಿಲ್ಲ. ಬಚ್ಚಲಿನ ವಾಟ ಮಾತ್ರ ಉಲ್ಟಾ ಆಗಿ, ನೀರು ಜಾಲರಿಯ ಕಡೆ ಹೋಗದೆ ಬಾಗಿಲ ಕಡೆ ಬರುತ್ತದೆ. ಅದಕ್ಕೆ ಟೈಲ್ಸ್ ಹಾಕಿದವನು ಮೇಸ್ತ್ರಿಯನ್ನೂ ಮೇಸ್ತ್ರಿ ಪ್ಲಂಬರನ್ನೂ ತೋರಿಸುತ್ತಾರೆ, ಪ್ಲಂಬರ್ ಫೋನ್ ಎತ್ತುವುದಿಲ್ಲ.

ಅಂಗಡಿಯ ಮ್ಯಾನೇಜರು ಬಿಲ್ ಹಾಕುವಾಗ ಒಂದು ಮಾತು ಹೇಳಿದ್ದರು. ಮುಂದೆ ಒಂದು ಟೈಲ್ ಒಡೆದರೆ ಅದೇ ಬ್ಯಾಚಿನ ಅದೇ ಬಣ್ಣ ಮತ್ತೆ ಸಿಗುವುದಿಲ್ಲ, ಎರಡು ಬಾಕ್ಸ್ ಜಾಸ್ತಿ ಇಟ್ಟುಕೊಳ್ಳಿ ಎಂದು. ಭಾವ ಮೂರು ಇಟ್ಟುಕೊಂಡಿದ್ದಾರೆ, ಬ್ಯಾಚ್ ನಂಬರನ್ನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಬಾಕ್ಸುಗಳು ಮೆಟ್ಟಿಲ ಕೆಳಗಿವೆ. ಅವುಗಳ ಮೇಲೆ ಹಳೆಯ ಮಿಕ್ಸಿ, ಮಿಕ್ಸಿಯ ಮೇಲೆ ಗೃಹಪ್ರವೇಶದಲ್ಲಿ ಉಳಿದ ಸ್ಟೀಲ್ ಡಬ್ಬಿಗಳು. ಮೊನ್ನೆ ಅಕ್ಕ ತುಳಸಿ ಕುಂಡದ ಕೆಳಗಿಡಲು ಒಂದು ಟೈಲ್ ಕೇಳಿದಳು, ಭಾವ ಕೊಡಲಿಲ್ಲ.